ಮನೆಯಲ್ಲೇ ಪಾಠ ಹೇಳಿಕೊಡುತ್ತಿದ್ದೇವೆ, ಐದೂವರೆ ವರ್ಷದ ಮಗಳಿಗೆ ಟ್ಯಾಬ್ ತೆಗೆದುಕೊಳ್ಳಬಹುದಾ?

ಕತ್ತರಿಗುಪ್ಪೆ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೀ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನಮಗೆ ಇಬ್ಬರು ಮಕ್ಕಳು. ಮಗಳಿಗೆ ಐದೂವರೆ, ಮಗನಿಗೆ ಮೂರು. ಮಗಳನ್ನು ಕಳೆದ ವರ್ಷ ಎಲ್‌ಕೆಜಿಗೆ ಸೇರಿಸಿದ್ದೆವು. ಬೆಳಿಗ್ಗೆ ಏಳೂಕಾಲಿಗೆ ವ್ಯಾನು. ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಹೋಗುವುದಕ್ಕೆ ಒಂದು ಗಂಟೆ, ಬರುವುದಕ್ಕೆ ಒಂದು ಗಂಟೆ. ಮನೆಗೆ ಬಂದವಳು ಶೂ ಬಿಚ್ಚುವ ಮೊದಲೇ ದಿವಾನದ ಮೇಲೆ ನಿದ್ದೆ ಹೋಗಿಬಿಡುತ್ತಿದ್ದಳು. ಡಿಸೆಂಬರ್ ಹೊತ್ತಿಗೆ ಮಾತೇ ಕಡಿಮೆ ಆಯಿತು. ವಟವಟ ಅನ್ನುತ್ತಿದ್ದ ಮಗು, ಕೇಳಿದ್ದಕ್ಕೆ ತಲೆ ಆಡಿಸುವಷ್ಟಕ್ಕೆ ಬಂದು ನಿಂತಳು. ನಾನು, ನಮ್ಮ ಯಜಮಾನರು ತುಂಬಾ ಯೋಚನೆ ಮಾಡಿ, ಒಂದೆರಡು ವರ್ಷ ಮನೆಯಲ್ಲೇ ಕಲಿಸೋಣ ಎಂದು ತೀರ್ಮಾನ ಮಾಡಿದೆವು. ಜೂನ್‌ನಿಂದ ಶುರು ಮಾಡಿದ್ದೇವೆ. ಈಗ ಮಾತು ವಾಪಸ್ ಬಂದಿದೆ. ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಕುಚ್ಚು ಹಾಕಿಕೊಡುತ್ತೇನೆ. ಅತ್ತೆ ನಮ್ಮ ಜೊತೆ ಇದ್ದಾರೆ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರ ತನಕ ಪಾಠ. ಕಥೆಗೆ, ಹಾಡಿಗೆ ಈಗ ನನ್ನ ಫೋನನ್ನೇ ಕೊಡುತ್ತಿದ್ದೇನೆ. ಕಥೆ ಅರ್ಧಕ್ಕೆ ಬಂದಿರುತ್ತದೆ, ಅಷ್ಟರಲ್ಲಿ "ಬ್ಲೌಸ್ ಆಯ್ತಾ ಆಂಟಿ?" ಎಂದು ಫೋನ್ ಬರುತ್ತದೆ. ಕೈಯಿಂದ ಕಿತ್ತುಕೊಂಡ ಕೂಡಲೇ ಅಳು. ಒಂದು ಹಾಡು ಮುಗಿಯುತ್ತಿದ್ದ ಹಾಗೆ ಇನ್ನೊಂದು ತಾನಾಗೇ ಶುರುವಾಗುತ್ತದೆ, ಆಮೇಲೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ ನಾನು ಮಿಷನ್ ಮೇಲೆ ಕೂತಿದ್ದರೆ ಗೊತ್ತೇ ಆಗುವುದಿಲ್ಲ. ಫೋನಿನ ಸ್ಕ್ರೀನ್ ಬೇರೆ ಚಿಕ್ಕದು. ಇಬ್ಬರೂ ಮೂಗು ತಾಗಿಸಿಕೊಂಡು ನೋಡುತ್ತಾರೆ.

ಅದಕ್ಕೆ ಪಾಠಕ್ಕೆಂದೇ ಒಂದು ಟ್ಯಾಬ್ ತೆಗೆದುಕೊಳ್ಳೋಣವಾ ಎಂದು ಯೋಚನೆ. 15,000 ರೂಪಾಯಿ ತನಕ ಹೊಂದಿಸಬಹುದು. ಎಷ್ಟು ದೊಡ್ಡದು ಬೇಕು? ಕನ್ನಡ ಅಕ್ಷರ ಕಲಿಸಲು ಅದರಲ್ಲಿ ಆಗುತ್ತದಾ? ಕಣ್ಣಿಗೆ ತೊಂದರೆ ಆಗದ ಹಾಗೆ ದಿನಕ್ಕೆ ಎಷ್ಟು ಹೊತ್ತು ಕೊಡಬಹುದು? ಮೂರು ವರ್ಷದವನನ್ನು ಏನು ಮಾಡುವುದು?

ಇನ್ನೊಂದು ಮಾತು. ನಮ್ಮ ಓರಗಿತ್ತಿ ಮೊನ್ನೆ, "ಸ್ಕೂಲ್ ಬಿಡಿಸಿ ಕೈಗೆ ಟ್ಯಾಬ್ ಕೊಡೋದಾದ್ರೆ ಸ್ಕೂಲಿಗೇ ಕಳಿಸಬಹುದಿತ್ತಲ್ವಾ" ಎಂದರು. ನಾನು ಸುಮ್ನೆ ಇದ್ದೆ. ಆದರೆ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಮನೆಯಲ್ಲಿ ಕಲಿಸುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಯಲಹಂಕದ ಅಪ್ಪ

ನಮಸ್ಕಾರ ಮೇಡಂ. ನನ್ನ ಮಗ ಶಾಲೆಗೆ ಹೋಗುತ್ತಾನೆ, ಹಾಗಾಗಿ ಪಾಠದ ವಿಷಯ ಅನುಭವ ಇದ್ದವರು ಹೇಳಲಿ. ಟ್ಯಾಬ್ ವಿಷಯ ಮಾತ್ರ ನಾನು ಹೇಳುತ್ತೇನೆ.

ನಿಮ್ಮ ಬಜೆಟ್‌ನಲ್ಲಿ ಹತ್ತು, ಹನ್ನೊಂದು ಇಂಚಿನ ಆಂಡ್ರಾಯ್ಡ್ ಟ್ಯಾಬ್ ಸಿಗುತ್ತದೆ. ಮನೆಯಲ್ಲಿ ವೈಫೈ ಇದ್ದರೆ ಸಿಮ್ ಹಾಕುವ ಮಾಡೆಲ್ ಬೇಡ, ಸುಮ್ನೆ ದುಡ್ಡು ಜಾಸ್ತಿ. ರ‍್ಯಾಮ್ 4 ಜಿಬಿಗಿಂತ ಕಡಿಮೆ ಇರುವುದನ್ನು ತೆಗೆದುಕೊಳ್ಳಬೇಡಿ, ವರ್ಷದೊಳಗೆ ತೆವಳುವುದಕ್ಕೆ ಶುರು ಮಾಡುತ್ತದೆ. ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಎಂದು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿ. ದಪ್ಪ ಫೋಮ್ ಕವರ್ ಅವತ್ತೇ ಹಾಕಿಸಿ. ನಾವು "ನಾಳೆ ಹಾಕಿಸೋಣ" ಎಂದುಕೊಂಡು ಎರಡನೇ ದಿನವೇ ಒಡೆದುಕೊಂಡೆವು.

ತಂದ ದಿನವೇ ಮಗುವಿನ ಕೈಗೆ ಕೊಡಬೇಡಿ. ರಾತ್ರಿ ಕೂತು ಸೆಟಿಂಗ್ ಮಾಡಿ. ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂದು ಇದೆ, ಉಚಿತ. ಅದರಲ್ಲಿ ಮಗುವಿಗೆ ಬೇರೆ ಅಕೌಂಟ್ ಮಾಡಿ ನಿಮ್ಮ ಫೋನಿಗೆ ಜೋಡಿಸಿಕೊಳ್ಳಿ. ದಿನಕ್ಕೆ ಇಷ್ಟು ನಿಮಿಷ ಎಂದು ಇಟ್ಟರೆ, ಮುಗಿದ ಮೇಲೆ ಟ್ಯಾಬ್ ತಾನೇ ಲಾಕ್ ಆಗುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ಹೊಸ ಆ್ಯಪ್ ಇಳಿಯುವುದಿಲ್ಲ. ಸೆಟಿಂಗ್ಸ್‌ನಲ್ಲಿ "ಆ್ಯಪ್ ಪಿನ್ನಿಂಗ್" ಎಂದು ಇನ್ನೊಂದು ಇದೆ. ಅದನ್ನು ಆನ್ ಮಾಡಿ, ಬಿಡಿಸಲು ಪಿನ್ ನಂಬರ್ ಕೇಳುವ ಹಾಗೆ ಇಟ್ಟರೆ ನೀವು ತೆರೆದು ಪಿನ್ ಮಾಡಿಕೊಟ್ಟ ಆ್ಯಪ್ ಬಿಟ್ಟು ಬೇರೆ ಕಡೆ ಹೋಗಲು ಬರುವುದಿಲ್ಲ. ನೀವು ಮಿಷನ್ ಮೇಲೆ ಕೂತಿರುವಾಗ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಯಾರಾದರೂ ಹಳೇ ಐಪ್ಯಾಡ್ ಕೊಟ್ಟರೆ ಅದರಲ್ಲಿ ಇದೇ ಕೆಲಸಕ್ಕೆ "ಗೈಡೆಡ್ ಆಕ್ಸೆಸ್" ಇದೆ.

ಹೊತ್ತಿನ ವಿಷಯ: ಭಾರತದ ಮಕ್ಕಳ ವೈದ್ಯರ ಸಂಘ ಹೇಳುವುದು, ಎರಡು ವರ್ಷದೊಳಗಿನವರಿಗೆ ಸ್ಕ್ರೀನ್ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಐದರಿಂದ ಹತ್ತರವರಿಗೆ 2 ಗಂಟೆಗಿಂತ ಕಡಿಮೆ. ಇದರಲ್ಲಿ ಟಿವಿ, ಫೋನ್ ಎಲ್ಲ ಸೇರಿತು. ಅದು ಮೇಲಿನ ಮಿತಿ ಅಷ್ಟೇ. ಅಷ್ಟೂ ಕೊಡಲೇಬೇಕು ಎಂದೇನಿಲ್ಲ.

ಗವಿಪುರದವಳು

ಕತ್ತರಿಗುಪ್ಪೆ ಅಮ್ಮ, ನಿಮ್ಮ ಪ್ರಶ್ನೆ ಓದಿ ಕೆಲಸ ಬಿಟ್ಟು ಕೂತಿದ್ದೇನೆ. "ಮಾತು ವಾಪಸ್ ಬಂದಿದೆ" ಎಂದು ಬರೆದಿದ್ದೀರಲ್ಲ, ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ.

ನಾನು ನಾಲ್ಕು ವರ್ಷದಿಂದ ಮನೆಯಲ್ಲೇ ಕಲಿಸುತ್ತಿದ್ದೇನೆ. ದೊಡ್ಡವನಿಗೆ ಈಗ ಒಂಬತ್ತು, ಚಿಕ್ಕವಳಿಗೆ ಆರು. ನಮ್ಮ ಮನೆಯಲ್ಲಿ ಟ್ಯಾಬ್ ಇದೆ, ದಿನಾ ಬಳಸುತ್ತೇವೆ. ಆದರೆ ಮೊದಲು ಬಳಸಿದ ರೀತಿ ತಪ್ಪಾಗಿತ್ತು. ಅದನ್ನೇ ಮೊದಲು ಹೇಳುತ್ತೇನೆ.

ದೊಡ್ಡವನಿಗೆ ಐದು ತುಂಬಿದಾಗ ಟ್ಯಾಬ್ ತಂದೆವು. ಅಕ್ಷರ ತಿದ್ದುವ ಒಂದು ಆ್ಯಪ್ ಹಾಕಿಕೊಟ್ಟೆ. ಅಕ್ಷರದ ಮೇಲೆ ಬೆರಳು ಓಡಿಸಿದರೆ ಗಂಟೆ ಬಾರಿಸುತ್ತದೆ, ನಕ್ಷತ್ರ ಉದುರುತ್ತದೆ. ಒಂದು ತಿಂಗಳೊಳಗೆ ಅ ಇಂದ ಳ ವರೆಗೆ ಎಲ್ಲದಕ್ಕೂ ಮೂರು ಮೂರು ನಕ್ಷತ್ರ. ನನಗೆ ಭೂಮಿ ಮೇಲೆ ಕಾಲು ನಿಲ್ಲಲಿಲ್ಲ. ಊರಿಗೆಲ್ಲ ಫೋನ್ ಮಾಡಿ ಹೇಳಿದೆ.

ಆ ವರ್ಷ ವಿಜಯದಶಮಿಗೆ ತಿಪಟೂರಿನಿಂದ ನಮ್ಮಪ್ಪ ಬಂದರು. ಸ್ಲೇಟು, ಬಳಪ ತಂದಿದ್ದರು. ಪೂಜೆ ಆದ ಮೇಲೆ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು "ಎಲ್ಲಿ, ಅ ಬರಿ ನೋಡೋಣ" ಎಂದರು. ಎಡಗಡೆಯ ಸುಳಿಯಿಂದ ಶುರು ಮಾಡಬೇಕಾದವನು ಬಲಗಡೆಯ ತುದಿಯಿಂದ ಹಿಂದಕ್ಕೆ ಎಳೆದ. ಅರ್ಧಕ್ಕೆ ಬಂದು ನಿಂತ. ಮುಂದೆ ಎತ್ತ ಹೋಗಬೇಕು ಎಂದು ಗೊತ್ತಾಗಲಿಲ್ಲ. ಬಳಪ ಕೆಳಗಿಟ್ಟು, ತೋರುಬೆರಳಿನಿಂದ ಸ್ಲೇಟನ್ನು ಉಜ್ಜಿದ. ನಕ್ಷತ್ರ ಬರಲಿಲ್ಲ. ನನ್ನ ಮುಖ ನೋಡಿದ. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ.

ಅವತ್ತು ರಾತ್ರಿ ಅವನು ಮಲಗಿದ ಮೇಲೆ ಆ ಆ್ಯಪನ್ನು ನಾನೇ ತೆರೆದು ನೋಡಿದೆ. ಎಲ್ಲಿಂದ ಬೇಕಾದರೂ ಶುರು ಮಾಡಿದೆ. ಬಣ್ಣ ತುಂಬುವ ಹಾಗೆ ಬೆರಳು ಉಜ್ಜಿದೆ. ನಕ್ಷತ್ರ ಬಂತು. ಅದು ನೋಡುತ್ತಿದ್ದದ್ದು ಅಕ್ಷರದ ಆಕಾರ ತುಂಬಿತಾ ಎಂದು ಅಷ್ಟೇ. ಕೈ ಯಾವ ದಾರಿಯಲ್ಲಿ ಹೋಯಿತು ಎಂದು ಅಲ್ಲ. ಎಲ್ಲ ಆ್ಯಪೂ ಹೀಗೇ ಇರಬೇಕೆಂದಿಲ್ಲ. ಆದರೆ ಕೊಡುವ ಮೊದಲು ನೀವೇ ಬೇಕೆಂದು ತಪ್ಪು ತಪ್ಪಾಗಿ ಬರೆದು ನೋಡಿ, ಒಪ್ಪಿಕೊಳ್ಳುತ್ತದಾ ಎಂದು.

ಮೂರು ತಿಂಗಳು ಟ್ಯಾಬನ್ನು ಬೀರುವಿನಲ್ಲಿ ಇಟ್ಟೆ. ಊಟದ ತಟ್ಟೆಯಲ್ಲಿ ತೆಳ್ಳಗೆ ರವೆ ಹರಡಿ ಬೆರಳಿನಿಂದ ಬರೆಸಿದೆ. ಕೆಂಪು ನೆಲದ ಮೇಲೆ ಬಳಪದಲ್ಲಿ ಮಾರುದ್ದದ ಅಕ್ಷರ ಬರೆದು ಅದರ ಮೇಲೆ ನಡೆಸಿದೆ. ಆಮೇಲೆ ಸ್ಲೇಟು. ಬಳಪ ಸ್ಲೇಟಿನ ಮೇಲೆ ಕರಕರ ಎನ್ನುತ್ತದೆ, ಕೈಗೆ ತಡೆ ಸಿಗುತ್ತದೆ. ಗಾಜಿನ ಮೇಲೆ ಬೆರಳು ಜಾರಿ ಹೋಗುತ್ತದೆ, ಕೈಗೆ ಏನೂ ನೆನಪು ಉಳಿಯುವುದಿಲ್ಲ. ನನ್ನ ಅನುಭವದಲ್ಲಿ ಅಕ್ಷರ ಮೊದಲು ಕೈಗೆ ಬರಬೇಕು. ಈ ಒಂದು ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ.

ಟ್ಯಾಬಿನ ಮೇಲೆ ಬರೆಯುವ ಪೆನ್ ತೆಗೆದುಕೊಂಡರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ರಬ್ಬರ್ ತುದಿಯ ಅಗ್ಗದ ಪೆನ್ನನ್ನು ನಾವೂ ತಂದೆವು. ಅದರಲ್ಲಿ ಬರೆಯುವಾಗ ಅಂಗೈ ತಾಗಿದರೂ ಗೆರೆ ಬೀಳುತ್ತದೆ. ಹಾಗಾಗಿ ಮಗು ಮಣಿಕಟ್ಟನ್ನು ಗಾಳಿಯಲ್ಲಿ ಎತ್ತಿ ಹಿಡಿದು ಬರೆಯಲು ಶುರು ಮಾಡಿತು. ಆ ಅಭ್ಯಾಸ ಬಿಡಿಸಲು ಮತ್ತೆ ಒಂದು ತಿಂಗಳು ಬೇಕಾಯಿತು. ಅಂಗೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪೆನ್ನು, ಟ್ಯಾಬು ಎರಡೂ ಇವೆ, ಬೆಲೆ ಜಾಸ್ತಿ. ಐದು ವರ್ಷದವರಿಗೆ ಅದರ ಅಗತ್ಯ ಇಲ್ಲ.

ಹಾಗಾದರೆ ಟ್ಯಾಬ್ ಯಾತಕ್ಕೆ? ನಮ್ಮ ಮನೆಯಲ್ಲಿ ಅದು ಮುಖ್ಯವಾಗಿ ಕೇಳುವುದಕ್ಕೆ, ದಾಖಲು ಮಾಡುವುದಕ್ಕೆ, ಜೊತೆಯಲ್ಲಿ ಕೂತು ಓದುವುದಕ್ಕೆ.

ಓದುವುದನ್ನು ಮೊದಲು ಹೇಳುತ್ತೇನೆ. ನಮ್ಮ ಬೆಂಗಳೂರಿನದೇ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಎಂದು ಶುರು ಮಾಡಿತು. ಮಕ್ಕಳ ಚಿತ್ರಕಥೆಗಳು, ಕನ್ನಡದಲ್ಲೂ ತುಂಬಾ ಇವೆ, ಎಲ್ಲ ಉಚಿತ. ಒಂದರಿಂದ ನಾಲ್ಕು ಎಂದು ಹಂತ ಮಾಡಿಟ್ಟಿದ್ದಾರೆ. ಮೊದಲನೇ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು. ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓದಬಹುದು. ನಾನು ಭಾನುವಾರ ರಾತ್ರಿ ಐದು ಪುಸ್ತಕ ಇಳಿಸಿ, ವೈಫೈ ಆಫ್ ಮಾಡಿಬಿಡುತ್ತೇನೆ. ಒಂದು ವಾರಕ್ಕೆ ಐದೇ. ಹೊಸತು ಕೇಳಿದರೆ "ಸೋಮವಾರ" ಎನ್ನುತ್ತೇನೆ. ಅದೇ ಪುಸ್ತಕವನ್ನು ಆರನೇ ಸಲ ಓದುವಾಗಲೇ ಮಗು ಪದವನ್ನು ಗುರುತು ಹಿಡಿಯುವುದು.

ಅಳತೆ ಕೇಳಿದ್ದೀರಿ. ಹತ್ತು ಇಂಚಿಗಿಂತ ಚಿಕ್ಕದು ಬೇಡ. ಕಾರಣ ನಮ್ಮ ಒತ್ತಕ್ಷರ. ಇಂಗ್ಲಿಷ್ ಅಕ್ಷರ ಎಲ್ಲ ಒಂದೇ ಸಾಲಿನಲ್ಲಿ ಕೂರುತ್ತವೆ. ನಮ್ಮ ಒತ್ತು ಕೆಳಗೆ ಇಳಿಯುತ್ತದೆ, ಚಿಕ್ಕದಾಗಿ. "ಅಮ್ಮ" ಎಂಬ ಪದದಲ್ಲಿ ಮ ಕೆಳಗಿನ ಒತ್ತು ಫೋನಿನಲ್ಲಿ ಇರುವೆ ಹಾಗೆ ಕಾಣುತ್ತದೆ. ನನ್ನ ಮಗಳು ಎಷ್ಟೋ ದಿನ "ಅಮ" ಎಂದೇ ಓದುತ್ತಿದ್ದಳು. ದೊಡ್ಡ ಸ್ಕ್ರೀನಿನಲ್ಲಿ ತೋರಿಸಿದ ದಿನ "ಇದು ಕೆಳಗೆ ಏನೋ ಇದೆ" ಎಂದಳು.

ಈಗ ದಾಖಲು ಮಾಡುವ ವಿಷಯ. ಇದು ನನಗೆ ತುಂಬಾ ಇಷ್ಟ. ದಿನಾ ಒಂದು ಪುಟವನ್ನು ಮಗು ಗಟ್ಟಿಯಾಗಿ ಓದುತ್ತದೆ, ಟ್ಯಾಬಿನ ರೆಕಾರ್ಡರ್‌ನಲ್ಲಿ ಹಿಡಿದಿಡುತ್ತೇನೆ. ಎರಡು ನಿಮಿಷವೂ ಆಗುವುದಿಲ್ಲ. ರಾತ್ರಿ ಅವರಪ್ಪ ಬಂದ ಮೇಲೆ ಎಲ್ಲರೂ ಕೂತು ಕೇಳುತ್ತೇವೆ. ಒಂದು ದಿನ ಮಗಳು ತನ್ನ ದನಿ ತಾನೇ ಕೇಳುತ್ತಾ ತಟ್ಟನೆ ಎದ್ದು ಕೂತಳು. "ಅಮ್ಮ, ನಾನು ಆಲು ಅಂದಿದೀನಿ. ಅದು ಹಾಲು!" ನಮ್ಮ ಕಡೆ ಮಾತಿನಲ್ಲಿ ಹ ಬಿದ್ದುಹೋಗುವುದು ನಿಮಗೆ ಗೊತ್ತಲ್ಲ. ನಾನು ಹತ್ತು ಸಲ ತಿದ್ದಿದ್ದೆ, ಹತ್ತು ಸಲವೂ ಮುಖ ಊದಿಸಿಕೊಂಡಿದ್ದಳು. ಅವಳ ಕಿವಿಗೆ ಅವಳೇ ಸಿಕ್ಕಿಬಿದ್ದ ಮೇಲೆ ನಾನು ತಿದ್ದಬೇಕಾಗಲಿಲ್ಲ. ಮಾರನೇ ದಿನ ಹಸು, ಹೂವು, ಹಲ್ಲು ಎಂದು ಮನೆ ತುಂಬಾ ಹಕಾರ.

ಮೂರನೆಯದು ಕೇಳುವುದು, ಅದು ಹೊರಗೆ. ಗುರುವಾರ ನಮಗೆ ಲಾಲ್‌ಬಾಗ್. ಟ್ಯಾಬ್ ನನ್ನ ಚೀಲದಲ್ಲಿ ಇರುತ್ತದೆ, ಅವರ ಕೈಯಲ್ಲಿ ಅಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದವರ ಮರ್ಲಿನ್ ಎಂಬ ಆ್ಯಪ್ ಇದೆ, ಉಚಿತ. ಹಕ್ಕಿಯ ಕೂಗು ಕೇಳಿಸಿದರೆ ಯಾವ ಹಕ್ಕಿ ಎಂದು ಹೇಳುತ್ತದೆ. "ಕುಟ್ರೂ ಕುಟ್ರೂ" ಎಂದು ಬೆಳಗೆಲ್ಲ ಕೂಗುವ ಹಕ್ಕಿ ಯಾವುದು ಎಂದು ಮಗ ವರ್ಷದಿಂದ ಕೇಳುತ್ತಿದ್ದ. ಮರ್ಲಿನ್ ಇಂಗ್ಲಿಷ್ ಹೆಸರು ತೋರಿಸಿತು. ಅಲ್ಲೇ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು "ಅದು ಕುಟ್ರುಹಕ್ಕಿ ಕಣಪ್ಪಾ, ಕೂಗೋದೇ ಅದರ ಹೆಸರು" ಎಂದರು. ಹಕ್ಕಿ ಹಸಿರು, ಎಲೆಯೂ ಹಸಿರು. ಹತ್ತು ನಿಮಿಷ ಕುತ್ತಿಗೆ ನೋಯುವ ತನಕ ಹುಡುಕಿ ಕೊನೆಗೆ ನೋಡಿದೆವು. ಮನೆಗೆ ಬಂದು ಪುಸ್ತಕದಲ್ಲಿ ಬಣ್ಣದ ಪೆನ್ಸಿಲ್‌ನಲ್ಲಿ ಬರೆದ. ಟ್ಯಾಬ್ ಚೀಲದಿಂದ ಹೊರಗೆ ಇದ್ದದ್ದು ಒಟ್ಟು ನಾಲ್ಕು ನಿಮಿಷ. ಕೆಂಪೇಗೌಡ ಗೋಪುರದ ಬಂಡೆಯ ಮೇಲೆ ಕೂರಿಸಿ, ಈ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎಂದು ಹೇಳಿದರೆ ಮಗಳು ಕೈಯಿಂದ ಮುಟ್ಟಿ ನೋಡಿದಳು. ಅದಕ್ಕೆ ಯಾವ ಆ್ಯಪೂ ಬೇಕಿಲ್ಲ ಬಿಡಿ.

ಕಣ್ಣಿಗೂ ಇದೇ ಒಳ್ಳೆಯದು. ಹೊರಗಿನ ಬೆಳಕಿನಲ್ಲಿ ಜಾಸ್ತಿ ಹೊತ್ತು ಆಡುವ ಮಕ್ಕಳಿಗೆ ದೂರದ್ದು ಮಸುಕಾಗುವ ತೊಂದರೆ ಬರುವುದು ಕಡಿಮೆ. ನಾವು ಒಂದು ಸಲಕ್ಕೆ ಇಪ್ಪತ್ತು ನಿಮಿಷ ಮೀರುವುದಿಲ್ಲ, ದಿನಕ್ಕೆ ಎರಡು ಸಲ. ಅಲಾರಂ ಟ್ಯಾಬಿನಲ್ಲಿ ಇಡಬೇಡಿ. ಅಡುಗೆ ಮನೆಯಲ್ಲಿ ಬೇರೆ ಗಡಿಯಾರ ಇಡಿ. ಗಂಟೆ ಹೊಡೆದಾಗ ಮಗುವೇ ಎದ್ದು ಹೋಗಿ ನಿಲ್ಲಿಸಲಿ. ಎದ್ದು ನಡೆದ ಮೇಲೆ ವಾಪಸ್ ಬಂದು ಕೂರುವ ಹಟ ಅರ್ಧ ಇಳಿದಿರುತ್ತದೆ.

ಮೂರು ವರ್ಷದವನಿಗೆ ಟ್ಯಾಬ್ ಬೇಡ. ಅಕ್ಕ ನೋಡುವಾಗ ಅವನು ಹೆಗಲ ಮೇಲಿಂದ ಇಣುಕುತ್ತಾನೆ, ಅದೂ ನೋಡಿದ್ದೇ ಲೆಕ್ಕ. ಆ ಇಪ್ಪತ್ತು ನಿಮಿಷ ಅವನು ಅಜ್ಜಿಯ ಜೊತೆ ಅವರೆಕಾಯಿ ಬಿಡಿಸಲಿ, ಇಲ್ಲವೇ ನಿಮ್ಮ ಗುಂಡಿ ಡಬ್ಬಿಯಲ್ಲಿ ಬಣ್ಣ ಬೇರೆ ಮಾಡಲಿ. ದೊಡ್ಡ ಗುಂಡಿಗಳನ್ನು ಮಾತ್ರ ಕೊಡಿ, ಅಜ್ಜಿ ಪಕ್ಕದಲ್ಲೇ ಇರಲಿ, ಬಾಯಿಗೆ ಹಾಕಿಕೊಂಡಾನು.

ಓರಗಿತ್ತಿಯವರ ಮಾತಿಗೆ ಒಂದೇ ಉತ್ತರ. ನೀವು ಶಾಲೆ ಬಿಡಿಸಿದ್ದು ಟ್ಯಾಬ್ ಕೊಡುವುದಕ್ಕೆ ಅಲ್ಲ. ಮಗು ಮನೆಗೆ ಬಂದು ಮಾತಾಡಲಿ ಎಂದು.

ನಿವೃತ್ತ ಮೇಷ್ಟ್ರು, ರಾಜರಾಜೇಶ್ವರಿನಗರ

ಗವಿಪುರದ ತಾಯಿ ಸರಿಯಾಗಿ ಹೇಳಿದ್ದಾರೆ. ನಾನು ಮೈಸೂರು ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ವರ್ಷ ಒಂದನೇ ತರಗತಿಗೆ ಪಾಠ ಮಾಡಿದವನು. ಈಗ ಮಗನ ಮನೆಯಲ್ಲಿದ್ದೇನೆ. ಒಂದು ವಿಷಯ ಮಾತ್ರ ಸೇರಿಸುತ್ತೇನೆ, ಏಕೆಂದರೆ ಯಾರೂ ಅದನ್ನು ಹೇಳಲಿಲ್ಲ.

ಟ್ಯಾಬಿನ ಆ್ಯಪುಗಳು ಅ ಆ ಇ ಈ ಎಂದು ವರ್ಣಮಾಲೆಯ ಸಾಲಿನಲ್ಲೇ ಹೋಗುತ್ತವೆ. ನನ್ನ ಮೊಮ್ಮಗಳ ಟ್ಯಾಬಿನಲ್ಲೂ ಹಾಗೇ. ಏಳನೇ ಅಕ್ಷರವೇ ಋ. ಐದು ವರ್ಷದ ಮಗುವಿಗೆ ಋ ಇಂದ ಏನು ಪ್ರಯೋಜನ ಹೇಳಿ. ಸ್ವರ ಎಲ್ಲ ಮುಗಿಸಿದರೂ ಮಗು ಓದಬಹುದಾದ ಪದ ಎಷ್ಟು?

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾಯಿತು. ಅಲ್ಲಿಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ಕಟ್ಟಿದ ಪದ್ಧತಿ ಅದು. ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದರಲ್ಲಿ ಮೊದಲು ಕಲಿಸುವ ಐದು ಅಕ್ಷರ: ರ, ಗ, ಸ, ದ, ಅ. ಬರೆದು ನೋಡಿ, ಆಕಾರದಲ್ಲಿ ಒಂದಕ್ಕೊಂದು ನಂಟು ಇದೆ. ರ ಬಂದ ಕೈಗೆ ಸ, ದ ಕಷ್ಟ ಅಲ್ಲ. ಐದು ಅಕ್ಷರ ಬಂದ ಕೂಡಲೇ ಪದ ಓದಬಹುದು. ಸರ, ದರ, ರಸ, ಅರಸ, ಅಗಸ, ಗರಗಸ. ಗರಗಸ ಓದಿದ ದಿನ ಮಕ್ಕಳು ಕೂಗಾಡುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ! ನಾಲ್ಕು ಅಕ್ಷರದ ಪದ, ಶಾಲೆಗೆ ಬಂದು ತಿಂಗಳೂ ಆಗಿರುವುದಿಲ್ಲ.

ಎರಡನೇ ಗುಂಪು ಜ, ವ, ಮ, ಬ, ನ. ಇವು ಬಂದರೆ ಮರ, ಜನ, ವನ, ಬಸವ. ಇನ್ನೊಂದು ಪದ ಇದೆ, ಅದು ಬೆಂಗಳೂರಿನ ಮಕ್ಕಳಿಗೆ ವರ: ನಗರ. ಹೊರಗೆ ಕರೆದುಕೊಂಡು ಹೋಗಿ. ಜಯನಗರ, ವಿಜಯನಗರ, ರಾಜಾಜಿನಗರ, ನಮ್ಮ ರಾಜರಾಜೇಶ್ವರಿನಗರ. ಬಸ್ಸಿನ ಬೋರ್ಡು ಪೂರ್ತಿ ಓದಲು ಬಾರದಿದ್ದರೂ ಕೊನೆಯ ಮೂರು ಅಕ್ಷರ ಸಿಕ್ಕಿಬಿಡುತ್ತದೆ.

ಮ, ವ ಎರಡನ್ನು ಮಕ್ಕಳು ಅದಲುಬದಲು ಮಾಡುತ್ತಾರೆ, ಗದರಬೇಡಿ ಕಣಮ್ಮ. ವ ಬರೆಸಿ, ಅದಕ್ಕೆ ಬಾಲ ಎಳೆಸಿ ಮ ಮಾಡಿಸಿ. ಕಾಗುಣಿತಕ್ಕೆ ಬಂದಾಗ ತಲೆಕಟ್ಟು, ಗುಡಿಸು, ಕೊಂಬು ಎಂದು ಹೆಸರು ಹೇಳಿಯೇ ಕಲಿಸಿ. ಹೆಸರಿದ್ದರೆ ಮಗು ನೆನಪಿಟ್ಟುಕೊಳ್ಳುತ್ತದೆ.

ಟ್ಯಾಬ್ ತಂದರೆ ಇದಕ್ಕೆ ಬಳಸಿ: ನಮ್ಮ ರಾಜ್ಯದ ಪಠ್ಯಪುಸ್ತಕಗಳನ್ನು ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಪುಸ್ತಕದಲ್ಲಿ ಚೌಕಾಕಾರದ ಕ್ಯೂಆರ್ ಗುರುತು ಇರುತ್ತದೆ. ಅದನ್ನು ಸರ್ಕಾರದ ಪಾಠಗಳಿರುವ ದೀಕ್ಷಾ ಆ್ಯಪಿನಲ್ಲಿ ತೋರಿಸಿದರೆ ಆ ಪಾಠದ ವಿಡಿಯೋ ಬರುತ್ತದೆ. ಮೊದಲು ನೀವು ನೋಡಿ, ನೋಡಿದ್ದನ್ನು ನಿಮ್ಮ ಬಾಯಿಂದ ಹೇಳಿಕೊಡಿ.

ಕತ್ತರಿಗುಪ್ಪೆ ಅಮ್ಮ

ಸರ್, ಅಕ್ಕ, ಮೇಷ್ಟ್ರೇ, ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಅತ್ತೆಗೆ ಎಲ್ಲ ಓದಿ ಹೇಳಿದೆ. ರವೆ ತಟ್ಟೆಯ ಮಾತು ಬಂದಾಗ "ನಾವು ಮರಳಲ್ಲಿ ಬರೆದವರು" ಎಂದರು. ನಾನು ಅಲ್ಲಿಯ ತನಕ ಅವರನ್ನು ಪಾಠಕ್ಕೆ ಕರೆದೇ ಇರಲಿಲ್ಲ. ಅವರು ಏಳನೇ ತರಗತಿ ಓದಿದವರು, ಅಕ್ಷರ ಮುತ್ತಿನ ಹಾಗಿದೆ. ನನಗೆ ನಿಜವಾಗಲೂ ಬೇಸರ ಆಯಿತು, ಮನೆಯಲ್ಲೇ ಇರುವ ಟೀಚರನ್ನು ಮರೆತು ಅಂಗಡಿಗೆ ಹೊರಟಿದ್ದೆನಲ್ಲ ಎಂದು.

ಗವಿಪುರದ ಅಕ್ಕ, ಇನ್ನೊಂದು ಕೇಳಲಾ? ಮುಂದೆ ಪರೀಕ್ಷೆಗೆ ಏನು ಮಾಡುತ್ತೀರಿ? ಕಾನೂನಿನಲ್ಲಿ ತೊಂದರೆ ಇಲ್ವಾ?

ಗವಿಪುರದವಳು

ಕೇಳಿ, ಅದಕ್ಕೇನಂತೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎಂದು ಅದರಲ್ಲಿ ಇದೆ. ಆದರೆ ಸೇರಿಸದ ತಂದೆ ತಾಯಿಗೆ ದಂಡ, ಶಿಕ್ಷೆ ಎಂದು ಆ ಕಾಯ್ದೆಯಲ್ಲಿ ಇಲ್ಲ. ಮನೆಪಾಠದ ಹೆಸರೂ ಅದರಲ್ಲಿ ಬರುವುದಿಲ್ಲ. ಹಾಗಾಗಿ ಪರೀಕ್ಷೆಯ ದಾರಿಯನ್ನು ನಾವೇ ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ನಾವು ನೆಚ್ಚಿಕೊಂಡಿರುವುದು ಎನ್‌ಐಒಎಸ್, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆ. ಅದರಲ್ಲಿ ಎ, ಬಿ, ಸಿ ಎಂದು ಮೂರು ಹಂತ ಇದೆ, 3, 5 ಮತ್ತು 8ನೇ ತರಗತಿಗೆ ಸಮ. ಹತ್ತನೇ ತರಗತಿಗೆ 14 ವರ್ಷ ತುಂಬಿರಬೇಕು. ಬೆಂಗಳೂರಿನಲ್ಲೇ ಅವರ ಪ್ರಾದೇಶಿಕ ಕಚೇರಿ ಇದೆ, ಹೋಗಿ ಕೇಳಿಕೊಂಡು ಬನ್ನಿ. ಮಗು ಬರೆದದ್ದು, ಬಿಡಿಸಿದ್ದು ಎಲ್ಲವನ್ನೂ ತಾರೀಖು ಹಾಕಿ ಫೋಟೋ ತೆಗೆದು ಟ್ಯಾಬಿನಲ್ಲಿ ತಿಂಗಳಿಗೊಂದು ಫೋಲ್ಡರ್ ಮಾಡಿ ಇಟ್ಟುಕೊಳ್ಳಿ. ನಾಳೆ ಶಾಲೆಗೆ ಸೇರಿಸಬೇಕು ಅನ್ನಿಸಿದರೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ. ಸೇರಿಸಬೇಕು ಅನ್ನಿಸಿದರೆ ಸೇರಿಸಿ, ಅದು ಸೋತ ಹಾಗಲ್ಲ.

ಅತ್ತೆಯವರ ಕೈಲಿ ಕಥೆ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಿ. ಇದನ್ನು ಮುಂದಕ್ಕೆ ಹಾಕಬೇಡಿ. ನಮ್ಮಮ್ಮನ ದನಿ ನಮ್ಮ ಹತ್ತಿರ ಒಂದೂ ಇಲ್ಲ.

ಕತ್ತರಿಗುಪ್ಪೆ ಅಮ್ಮ (ಐದು ವಾರದ ನಂತರ)

ಹೇಗಾಯಿತು ಎಂದು ಹೇಳದಿದ್ದರೆ ಸರಿಯಲ್ಲ ಎಂದು ಬರೆಯುತ್ತಿದ್ದೇನೆ.

ಟ್ಯಾಬ್ ತಂದೆವು. ಹನ್ನೊಂದು ಇಂಚಿನದು, ಕವರ್ ಸೇರಿ 14,600 ಆಯಿತು. ಯಲಹಂಕದ ಸರ್ ಹೇಳಿದ ಹಾಗೆ ರಾತ್ರಿ ಕೂತು ಎಲ್ಲ ಸೆಟಿಂಗ್ ಮಾಡಿದೆವು. ಮೊದಲ ಎರಡು ವಾರ ಮಕ್ಕಳಿಗೆ ತೋರಿಸಲೇ ಇಲ್ಲ. ಆ ಎರಡು ವಾರ ರ, ಗ, ಸ, ದ, ಅ. ಅತ್ತೆ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೆ ಪಕ್ಕದಲ್ಲಿ ಒಂದು ಅಕ್ಷರವನ್ನೂ ರಂಗೋಲಿ ಪುಡಿಯಲ್ಲೇ ಬಿಡುತ್ತಾರೆ. ಮಗಳು ಅದರ ಮೇಲೆ ಬೆರಳು ಓಡಿಸಿ ಒಳಗೆ ಬರುತ್ತಾಳೆ, ತುದಿಯೆಲ್ಲ ಬಿಳಿ. ಈಗ ಅದು ಮನೆಯ ಪದ್ಧತಿಯೇ ಆಗಿದೆ. ಮಗ ಅಳಿಸುವ ಕೆಲಸಕ್ಕೆ ಇದ್ದಾನೆ.

ಅತ್ತೆಯ ಏಳು ಕಥೆ ರೆಕಾರ್ಡ್ ಆಗಿವೆ. ನಾನು ಹೊಲಿಯುವಾಗ ಮಕ್ಕಳು ಚಾಪೆ ಮೇಲೆ ಮಲಗಿ ಅದನ್ನು ಕೇಳುತ್ತಾರೆ. ಸ್ಕ್ರೀನ್ ಆಫ್ ಮಾಡಿ, ಟ್ಯಾಬನ್ನು ಬೋರಲು ಹಾಕಿ ಇಡುತ್ತೇನೆ. ಅಜ್ಜಿ ಪಕ್ಕದಲ್ಲೇ ಇದ್ದರೂ ಟ್ಯಾಬಿನ ಅಜ್ಜಿ ಬೇಕು ಅವರಿಗೆ. ಅತ್ತೆ ಮೊದಲು ನಾಚಿಕೊಂಡರು, ಈಗ "ಇವತ್ತು ಒಂದು ಹೇಳಲಾ?" ಎಂದು ಅವರೇ ಕೇಳುತ್ತಾರೆ.

ಮೇಷ್ಟ್ರೇ, ಇದು ನಿಮಗೆ. ನಿನ್ನೆ ಸಂಜೆ ಲೈನಿಂಗ್ ಬಟ್ಟೆ ತರಲು ಮಗಳನ್ನು ಕರೆದುಕೊಂಡು ಹೊರಟಿದ್ದೆ. ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಬಸ್ಸು ಬಂದು ನಿಂತಿತು. ಇವಳು ನನ್ನ ಸೆರಗು ಜಗ್ಗಿ, ಬೋರ್ಡು ತೋರಿಸಿ, ನಿಧಾನಕ್ಕೆ "ನ... ಗ... ರ" ಎಂದಳು. ಇನ್ನೊಂದು ಸಲ ಬೇಗ "ನಗರ" ಎಂದಳು. ಆಮೇಲೆ ಕೂಗಿದಳು. ಪಕ್ಕದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಕಣ್ಣು ತುಂಬಿ ಬಂತು, ಆ ಬಸ್ಸು ತಪ್ಪಿಹೋಯಿತು.

ಅದು ಜಯನಗರದ ಬಸ್ಸು. ಜ ಅವಳಿಗೆ ಬರುತ್ತದೆ. ಮಧ್ಯದಲ್ಲಿ ಇದ್ದದ್ದು ಯಾವ ಅಕ್ಷರ ಎಂದು ಮನೆ ತಲುಪುವ ತನಕ ಕೇಳುತ್ತಲೇ ಇದ್ದಳು. ಇವತ್ತು ಬೆಳಿಗ್ಗೆ ರಂಗೋಲಿ ಪಕ್ಕ ಅತ್ತೆ ಯ ಬಿಟ್ಟಿದ್ದಾರೆ.